ಊರು ಕರೆಯುವ ಕೆಲಸ

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದರೆ ಮಾರೇನಹಳ್ಳಿಯಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಮನೆ ಒಕ್ಕಲಾಗಲಿ, ಆ ಸುದ್ದಿಯನ್ನು ಮೂವತ್ತೈದು ವರ್ಷ ಮನೆಮನೆಗೆ ಮುಟ್ಟಿಸಿದವಳು ನಾನು. ಅದಕ್ಕೆ ನಮ್ಮಲ್ಲಿ ಊರು ಕರೆಯುವುದು ಎನ್ನುತ್ತಿದ್ದರು. ಕಾರ್ಯ ಇಟ್ಟುಕೊಂಡವರು ಹಿಂದಿನ ದಿನ ಬಂದು ಹೇಳಿ ಹೋಗುತ್ತಿದ್ದರು. ನಾನು ಬೆಳಿಗ್ಗೆ ಮಿಂದು, ತಟ್ಟೆಯಲ್ಲಿ ಅರಿಶಿನ ಕುಂಕುಮ ಹೂವು ಇಟ್ಟುಕೊಂಡು, ಆ ಮನೆಯ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಸೇರಿಸಿಕೊಂಡು ಹೊರಡುತ್ತಿದ್ದೆ. ಒಂದೊಂದು ಹೊಸ್ತಿಲಿನ ಮುಂದೆಯೂ ನಿಂತು ಮನೆಯ ಹೆಂಗಸಿನ ಹಣೆಗೆ ಕುಂಕುಮ ಇಟ್ಟು, ಇಂಥಾ ದಿನ ಇಂಥವರ ಮನೆಯಲ್ಲಿ ಇಂಥಾ ಕಾರ್ಯ, ಬನ್ನಿ ಎನ್ನಬೇಕು. ಊರೆಲ್ಲ ಮುಗಿದರೆ ನನಗೆ ಒಂದು ರವಿಕೆ ಕಣ, ಒಂದು ತೆಂಗಿನಕಾಯಿ, ಎಲೆ ಅಡಿಕೆ.

ಯಾರನ್ನೂ ಬಿಡದೆ ಕರೆಯುವವಳು ಎಂದು ನನಗೆ ಹೆಸರಿತ್ತು. ಹೆಸರು ಪೂರ್ತಿ ನಿಜವಲ್ಲ. ಒಂದು ಮನೆಯ ಹೆಂಗಸನ್ನು ಬಿಟ್ಟಿದ್ದೆ. ಅದು ದೂರದ ಮನೆಯೂ ಅಲ್ಲ, ನಮ್ಮ ಬಾಗಿಲಿಗೆ ಎದುರು ಬಾಗಿಲು. ಹೋದ ವರ್ಷ ನನ್ನ ಮೊಮ್ಮಗಳ ಮದುವೆಗೆ ಆ ಬಾಗಿಲಿಗೆ ತಟ್ಟೆ ಹಿಡಿದು ಹೋದೆ. ಅವಳು ನನ್ನ ಕರೆ ತೆಗೆದುಕೊಳ್ಳುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಕರೆಯುವುದರಲ್ಲಿ ಎರಡು ಬಗೆ. ‘ಮನೆಗೊಬ್ಬರು ಬನ್ನಿ’ ಎಂದರೆ ಮುಖ ತೋರಿಸಿ, ಉಂಡು ಹೋಗಲು ಒಬ್ಬರು ಬಂದರೆ ಸಾಕು ಎಂದು ಅರ್ಥ. ‘ಒಲೆ ಹಚ್ಚಬೇಡಿ’ ಎಂದರೆ ಅವತ್ತು ನಿಮ್ಮ ಮನೆಯಲ್ಲಿ ಅಡುಗೆಯೇ ಬೇಡ, ಮಕ್ಕಳು ಮುದುಕರು ಎಲ್ಲರೂ ನಮ್ಮಲ್ಲೇ ಉಣ್ಣಬೇಕು ಎಂದು. ಯಾರಿಗೆ ಯಾವ ಮಾತು ಎಂದು ಕಾರ್ಯದ ಮನೆಯವರು ಹೇಳಿ ಕಳಿಸುತ್ತಾರೆ. ಮಾತು ಅದಲು ಬದಲಾದರೆ ಜಗಳ.

ಈ ಕೆಲಸ ನನಗೆ ಬಂದದ್ದು ನಮ್ಮತ್ತೆಯಿಂದ. ಆಗ ಮಾರೇನಹಳ್ಳಿ ಹಳ್ಳಿಯೇ. ರಾಗಿ ಹೊಲ, ಹುಣಸೆ ಮರ, ನಡುವೆ ನಾಲ್ಕು ಬೀದಿ. ವಿಜಯನಗರ ಬಡಾವಣೆ ಆಗ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಅತ್ತೆ ನಾಲ್ಕು ಬೀದಿಯನ್ನೂ ಹೊಸ್ತಿಲು ಹೊಸ್ತಿಲಿಗೆ ಕರೆಯುತ್ತಿದ್ದರು. ಊರಾಚೆಯ ಕೇರಿಗೆ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕೇರಿಯ ಬಾಯಿಯಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಒಂದೇ ಕೂಗಿಗೆ ಎಲ್ಲರಿಗೂ ಹೇಳಿ ತಿರುಗುತ್ತಿದ್ದರು. ಅತ್ತೆಗೆ ಮೊಣಕಾಲು ಹಿಡಿದ ವರ್ಷ ತಟ್ಟೆ ನನ್ನ ಕೈಗೆ ಬಂತು. ಕೇರಿಯ ಬಾಯಿಗೆ ಹೋಗಿ ನಿಂತೆ. ಹೊಸ ಸೊಸೆ, ಬೀದಿಯಲ್ಲಿ ನಿಂತು ಕೂಗಲು ನಾಚಿಕೆ. ಅದಕ್ಕೇ ಒಳಗೆ ಹೋದೆ, ಒಂದೊಂದೇ ಮನೆಗೆ. ದೊಡ್ಡ ಗುಣ ಅಂತೇನೂ ಇಲ್ಲ. ಒಬ್ಬ ಅಜ್ಜಿ ನೀರು ಕೊಟ್ಟರು. ಬಿಸಿಲಿತ್ತು, ಕುಡಿದೆ.

ಮನೆಗೆ ಬರುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಬಂದಿತ್ತು.

“ಒಳಕ್ಕೆ ಹೋದ್ಯಂತೆ?” ಎಂದರು ಅತ್ತೆ.

“ಹೂಂ ಅತ್ತೆ.”

“ನೀರೂ ಕುಡಿದ್ಯಂತೆ?”

“ಬಾಯಾರಿತ್ತು.”

“ಬಚ್ಚಲಿಗೆ ಹೋಗು. ತಲೆ ಮೇಲೆ ನಾಲ್ಕು ಚೊಂಬು ಹುಯ್ಕೊಂಡು ಬಾ. ನಾಳೆಯಿಂದ ಕೂಗೋದು ಕಲಿ.”

ಮಿಂದೆ. ಕೂಗುವುದನ್ನು ಕಲಿಯಲಿಲ್ಲ. ಮುಂದಿನ ಸಲವೂ ಒಳಗೇ ಹೋದೆ, ಬಂದು ಮಿಂದೆ. ಹೀಗೆ ನಾಲ್ಕೈದು ಸಲ ಆದ ಮೇಲೆ ಅತ್ತೆಗೇ ಬೇಜಾರಾಗಿ, ನೀರು ಕಾಯಿಸುವ ಸೌದೆ ದಂಡ ಎಂದು ಸುಮ್ಮನಾದರು.

ಆಮೇಲೆ ಹೊಲ ಹೋಗಿ ಸೈಟು ಬಂತು. ನಮ್ಮವರೆಲ್ಲ ಇದ್ದ ಜಾಗದಲ್ಲಿ ವಠಾರ ಕಟ್ಟಿ ಬಾಡಿಗೆಗೆ ಬಿಟ್ಟರು. ತಮಿಳು ಗಾರೆ ಕೆಲಸದವರು ಬಂದರು, ಸೋಫಾ ಹೊಲಿಯುವ ಸಾಬರ ಸಂಸಾರ ಬಂತು, ಕಲಬುರಗಿ ಕಡೆಯಿಂದ ಮಣ್ಣು ಹೊರುವವರು ಶೆಡ್ಡು ಹಾಕಿಕೊಂಡರು, ಕೇರಳದ ಒಬ್ಬ ನರ್ಸಮ್ಮ ಮಹಡಿಯ ಒಂದು ಕೋಣೆಗೆ ಬಂದಳು. ಅವರನ್ನೆಲ್ಲ ಕರೆಯಬೇಕೋ ಬೇಡವೋ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೊಸ್ತಿಲು ಇತ್ತು, ಕರೆದೆ. ಒಂದು ಬೀದಿಯಲ್ಲಿ ನಡೆದುಕೊಂಡು ಹೋಗುತ್ತಾ ಎರಡು ಬಾಗಿಲು ತಟ್ಟಿ ಮೂರನೆಯದನ್ನು ದಾಟುವುದಕ್ಕೆ ಕಾಲು ತಡವರಿಸುತ್ತದೆ. ಮೂರನೇ ಬಾಗಿಲಿನವಳು ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತಾಳಲ್ಲ.

ಒಂದೊಂದು ಮನೆಗೆ ಒಂದೊಂದು ರೀತಿ ಕಲಿತೆ. ಸಾಬರ ಮನೆಯಲ್ಲಿ ಕುಂಕುಮ ಇಡಬಾರದು, ಒಂದು ಮೊಳ ಮಲ್ಲಿಗೆ ಕೊಟ್ಟರೆ ಸರಿ. “ಶಾದಿ ಹೈ ಮಾ, ಸಬ್ ಜನೆ ಆನಾ” ಎಂದೆ ಮೊದಲ ಸಲ. ಆ ಮನೆಯ ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

“ಅಮ್ಮಾ, ನಿಮ್ ಉರ್ದು ಕೇಳಿದ್ರೆ ಹಾಸಿಗೆ ಹಿಡಿದಿರೋ ನಮ್ಮತ್ತೆ ಎದ್ದು ಓಡೋಗ್ತಾರೆ. ಕನ್ನಡದಲ್ಲೇ ಹೇಳಿ, ಬರ್ತೀವಿ.”

ತಮಿಳರಿಗೆ “ಅಡುಪ್ಪು ಪತ್ತವೆಕ್ಕಾದೀಂಗ” ಎನ್ನಬೇಕು. ಒಲೆ ಹಚ್ಚಬೇಡಿ ಎಂಬುದೇ ಅದು. “ಸೀಮೆಣ್ಣೆ ಮುಗಿದು ಎರಡು ದಿನ ಆಯ್ತಕ್ಕಾ, ನೀವು ಹೇಳ್ದೇ ಇದ್ರೂ ಹಚ್ಚಕ್ಕಾಗಲ್ಲ” ಎಂದಳು ಮೇಸ್ತ್ರಿಯ ಹೆಂಡತಿ. ನರ್ಸಮ್ಮನಿಗೆ ಹೂವು ಕೊಟ್ಟರೆ ಇಸಿದುಕೊಂಡು ಟೇಬಲ್ಲಿನ ಮೇಲಿದ್ದ ಮೇರಿಯಮ್ಮನ ಪಟಕ್ಕೆ ಇಡುತ್ತಿದ್ದಳು. ಕಲಬುರಗಿಯವಳು ಮಾತ್ರ ತಲೆ ಬಗ್ಗಿಸಿ ಕುಂಕುಮ ಇಡಿಸಿಕೊಂಡು, “ನಮ್ಮನ್ನ ಯಾಕ ಕರೀತೀರಿ ಯಕ್ಕಾ, ನಾವು ಮುಂದಿನ ತಿಂಗಳ ಎಲ್ಲಿರ್ತೀವೋ” ಎಂದಳು.

“ಮದುವೆ ಮುಂದಿನ ತಿಂಗಳಲ್ಲ. ನಾಳಿದ್ದು” ಎಂದೆ. ಬಂದಳು. ಏಳು ಜನ ಬಂದರು.

ಜಗಳ ಆಗದೇ ಇರಲಿಲ್ಲ. ನಮ್ಮವರಲ್ಲೇ ಒಬ್ಬ, ನನಗೆ ಮೈದುನನಾಗಬೇಕು, ಹತ್ತು ಮನೆಯ ವಠಾರ ಕಟ್ಟಿದ್ದ. ಮಗಳ ಮದುವೆಗೆ, ‘ನೆಂಟರಿಗೆಲ್ಲ ಒಲೆ ಹಚ್ಚಬೇಡಿ ಅನ್ನು, ಬಾಡಿಗೆಯವರಿಗೆ ಮನೆಗೊಬ್ಬರು ಅನ್ನು’ ಎಂದು ಹೇಳಿ ಕಳಿಸಿದ. ವಠಾರದೊಳಗೆ ಹೋದರೆ ಹತ್ತು ಮನೆಯ ಮಕ್ಕಳೂ ನನ್ನ ತಟ್ಟೆಯ ಸುತ್ತ ಸೇರಿಕೊಂಡವು. ಇವರಲ್ಲಿ ಒಬ್ಬರನ್ನು ಆರಿಸಿ ಕಳಿಸಿ ಎಂದು ಅವರ ತಾಯಂದಿರಿಗೆ ಹೇಳುವುದು ಹೇಗೆ? ಹತ್ತು ಮನೆಗೂ ಒಲೆ ಹಚ್ಚಬೇಡಿ ಎಂದುಬಿಟ್ಟೆ. ಮದುವೆ ದಿನ ಮೂರನೇ ಪಂಕ್ತಿಗೆ ಮುದ್ದೆ ಸಾಲದೆ, ಮತ್ತೆ ಎಸರಿಟ್ಟರು. ಸಾಯಂಕಾಲ ಮೈದುನ ಬಂದು ಅಂಗಳದಲ್ಲಿ ನಿಂತ.

“ಏನತ್ತಿಗೆ, ನಾನು ಹೇಳಿದ್ದೇನು, ನೀನು ಕರೆದದ್ದೇನು?”

“ಕೇಳಿಸಿತ್ತು ಕಣಪ್ಪ. ಬಾಯಿಗೆ ಬರಲಿಲ್ಲ.”

“ಬಾಯಿ ನಿಂದು, ರಾಗಿ ನಂದು. ಚೆನ್ನಾಗಿದೆ.”

“ಬಾಡಿಗೆ ತಗೊಳ್ಳೋವಾಗ ಮನೆಗೊಬ್ಬರ ಪಾಲು ತಗೋತೀಯಾ, ಮನೆಯೋರೆಲ್ಲರದ್ದೂ ತಗೋತೀಯಾ?”

ಅವನು ಪಂಚೆ ಕೊಡವಿಕೊಂಡು ಹೋದ. ನನಗೆ ರವಿಕೆ ಕಣ ಬರಲಿಲ್ಲ.

ಹೀಗೆ ನಾನು ಹೆಸರು ಮಾಡಿದೆ. ಈಗ ಎದುರು ಮನೆಯ ವಿಷಯ.

ಅವಳೂ ನಾನೂ ಒಂದೇ ವರ್ಷ ಮಾರೇನಹಳ್ಳಿಗೆ ಸೊಸೆಯರಾಗಿ ಬಂದವರು. ನಾನು ಕೆಂಗೇರಿ ಕಡೆಯವಳು, ಅವಳು ನಾಯಂಡಹಳ್ಳಿಯವಳು. ಒಂದೇ ಬಾವಿಯಲ್ಲಿ ನೀರು ಸೇದಿದೆವು, ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದೆವು. ನಾನು ಊರು ಕರೆಯಲು ಶುರು ಮಾಡಿದಾಗ ಆರು ವರ್ಷ ನನ್ನ ಜೊತೆ ಹೂವಿನ ಬುಟ್ಟಿ ಹಿಡಿದು ನಡೆದವಳು ಅವಳೇ. ಕಾರ್ಯದ ಮನೆಯ ಹೆಣ್ಣುಮಗಳು ಸುಸ್ತಾಗಿ ಹಿಂದೆ ಬಿದ್ದರೂ ಅವಳು ಬೀಳುತ್ತಿರಲಿಲ್ಲ. ನನಗೆ ಯಾವುದಾದರೂ ಮನೆ ಮರೆತರೆ ಹಿಂದಿನಿಂದ ಸೆರಗು ಎಳೆಯುತ್ತಿದ್ದಳು.

ಅವಳ ಗಂಡ ಮಾಗಡಿ ರಸ್ತೆಯ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದ. ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋದ. ಅವಳಿಗೆ ಎರಡು ಮಕ್ಕಳು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಯಾರೋ ಹಳೆಯ ಹೊಲಿಗೆ ಯಂತ್ರ ಕೊಡಿಸಿದರು, ಹೊಲಿಯುವುದಕ್ಕೆ ಕೂತಳು.

ಮೂರು ತಿಂಗಳ ಮೇಲೆ ಬೀದಿಯಲ್ಲಿ ಒಂದು ಮದುವೆ ಬಂತು. ತಟ್ಟೆ ಹಿಡಿದು ಹೊರಟೆ. ಪಕ್ಕದಲ್ಲಿ ಕಾರ್ಯದ ಮನೆಯ ಮುತ್ತೈದೆ. ಎದುರು ಮನೆಯ ಮುಂದೆ ಬಂದಾಗ ಯಂತ್ರ ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲಿಗೆ ಬಂದಳು. ಬಂದವಳು, ಏನು ಮರೆತಿದ್ದಳೋ, ಅಭ್ಯಾಸದ ಮೇಲೆ ಹಣೆಯನ್ನು ಮುಂದಕ್ಕೆ ಚಾಚಿದಳು.

ನಾನು ತಟ್ಟೆಯನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡೆ. ಅವಳ ಮನೆಯ ಪಕ್ಕದ ಲೈಟು ಕಂಬವನ್ನು ನೋಡುತ್ತಾ, “ನಾಳಿದ್ದು ಮದುವೆ. ಮಕ್ಕಳನ್ನ ಕಳಿಸು” ಎಂದೆ.

‘ನೀನೂ ಬಾ’ ಎನ್ನಬಹುದಿತ್ತು. ಗಂಡ ಸತ್ತವಳಿಗೆ ಕುಂಕುಮ ಇಡಬಾರದು ಎಂಬುದು ಪದ್ಧತಿ. ಬಾಯಿಮಾತಿಗೆ ಕರೆಯಬಾರದು ಎಂದು ಯಾವ ಪದ್ಧತಿಯೂ ಇರಲಿಲ್ಲ. ಪಕ್ಕದಲ್ಲಿದ್ದ ಮುತ್ತೈದೆ ಏನೆಂದುಕೊಳ್ಳುತ್ತಾಳೋ ಎಂದು ಅಷ್ಟನ್ನೂ ನುಂಗಿದೆ. ಕೇರಿಯೊಳಗೆ ಹೋಗಿ ನೀರು ಕುಡಿದವಳು ನಾನೇ, ಮೈದುನನಿಗೆ ಎದುರು ಮಾತಾಡಿದವಳೂ ನಾನೇ. ಅಲ್ಲೆಲ್ಲ ಬಂದ ಬಾಯಿ ಇಲ್ಲಿ ಬರಲಿಲ್ಲ.

ಅವಳು ಚಾಚಿದ ಹಣೆಯನ್ನು ಹಿಂದಕ್ಕೆ ತೆಗೆದುಕೊಂಡಳು. “ಕಳಿಸ್ತೀನಿ” ಎಂದಳು. ಒಳಗೆ ಹೋದಳು. ಯಂತ್ರ ಶುರುವಾಯಿತು.

ಆಮೇಲೆ ಪ್ರತಿ ಸಲವೂ ಅದೇ. ಮಕ್ಕಳನ್ನು ಕಳಿಸು, ಮಕ್ಕಳನ್ನು ಕಳಿಸು. ಮಕ್ಕಳು ದೊಡ್ಡವರಾದ ಮೇಲೆ ‘ಮಗನಿಗೆ ಹೇಳು’ ಎಂದಾಯಿತು. ಮೊದಲ ಸಲ ಬಿಟ್ಟರೆ ಅವಳು ಹೊಸ್ತಿಲಿಗೆ ಬರಲೇ ಇಲ್ಲ. ಒಳಗಿನಿಂದ ‘ಹೂಂ’ ಎನ್ನುತ್ತಿದ್ದಳು. ಊರಿನಲ್ಲಿ ಗಂಡ ಸತ್ತವರು ಬೇರೆಯವರೂ ಇದ್ದರು. ಅವರೆಲ್ಲ ಮುದುಕಿಯರು, ನನ್ನ ತಟ್ಟೆ ಕಂಡರೆ ತಾವೇ ಒಳಗೆ ಸರಿಯುತ್ತಿದ್ದರು, ನನಗೆ ಅನುಕೂಲವಾಗಿತ್ತು.

ಇನ್ನೂ ಒಂದಿದೆ, ಅದನ್ನೂ ಬರೆಯಬೇಕು. ಊರು ಕರೆದದ್ದಕ್ಕೆ ನನಗೆ ಬಂದ ರವಿಕೆ ಕಣಗಳನ್ನೆಲ್ಲ ನಾನು ಹೊಲಿಸುತ್ತಿದ್ದದ್ದು ಅವಳ ಹತ್ತಿರವೇ. ಬಟ್ಟೆ ಇಸಿದುಕೊಂಡು, ಅಳತೆ ತೆಗೆದು, ಹೇಳಿದ ದಿನಕ್ಕೆ ಕೊಡುತ್ತಿದ್ದಳು. ಯಾವ ಮದುವೆಯದು ಎಂದು ಒಂದು ದಿನವೂ ಕೇಳಲಿಲ್ಲ. ನಾನು ಅವಳು ಹೊಲಿದ ರವಿಕೆ ತೊಟ್ಟು ಊರೆಲ್ಲ ಕರೆದುಕೊಂಡು ತಿರುಗಿದೆ.

ನಮ್ಮ ಯಜಮಾನರು ಸಕ್ಕರೆ ಕಾಯಿಲೆಯಲ್ಲಿ ಹೋಗಿ ಹತ್ತು ವರ್ಷದ ಮೇಲಾಯಿತು. ತಟ್ಟೆ ಅವತ್ತೇ ನನ್ನ ಕೈ ಬಿಟ್ಟಿತು. ಯಾರೂ ಬಂದು ಹೇಳಲಿಲ್ಲ. ಮುಂದಿನ ಕಾರ್ಯಕ್ಕೆ ಯಾರೂ ನನ್ನನ್ನು ಕೇಳಲಿಲ್ಲ, ಅಷ್ಟೇ. ನನ್ನ ತಂಗಿಯ ಸೊಸೆಗೆ ಆ ಕೆಲಸ ಹೋಯಿತು. ಯಾವ ಮನೆಯಲ್ಲಿ ಹೇಗೆ ಕರೆಯಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

ಒಂದು ಸಲ ಆ ಹುಡುಗಿ ಯಾರದೋ ಮನೆ ಒಕ್ಕಲಿಗೆ ಕರೆಯಲು ನಮ್ಮ ಮನೆಗೆ ಬಂದಳು. ನಾನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಸೊಸೆಗೆ ಕುಂಕುಮ ಇಟ್ಟಳು, “ಅಕ್ಕಾ, ಒಲೆ ಹಚ್ಚಬೇಡಿ” ಎಂದಳು. ನನ್ನ ಮುಂದೆ ಬಂದವಳು ನನ್ನ ಮುಖ ನೋಡಲಿಲ್ಲ, ಮೊರ ನೋಡಿದಳು.

“ಏನ್ ದೊಡ್ಡಮ್ಮ, ಸೊಗಡು ಚೆನ್ನಾಗಿದೆಯಾ ಈ ಸಲ?”

“ಚೆನ್ನಾಗಿದೆ” ಎಂದೆ.

ಹೋದಳು. ನಾನು ಕಾಯಿ ಸುಲಿದು ಮುಗಿಸಿದೆ. ಅಳು ಬರಲಿಲ್ಲ. ನಾನು ಲೈಟು ಕಂಬ ನೋಡಿದ್ದೆ, ಇವಳು ಅವರೆಕಾಯಿ ನೋಡಿದಳು. ಹೇಳಿಕೊಟ್ಟ ಪಾಠ ಚೆನ್ನಾಗಿಯೇ ಕಲಿತಿದ್ದಾಳೆ ಎಂದುಕೊಂಡೆ.

ಆಮೇಲೆ ಕರೆಯುವುದೇ ನಿಂತಿತು. ಕಾರ್ಡು ಫೋನಿಗೆ ಬೀಳುತ್ತದೆ, ನನ್ನ ಮಗನ ಫೋನಿಗೆ, ಮಗನ ಹೆಸರಿಗೆ. ಮಗನೂ ಸೊಸೆಯೂ ನಾಯಂಡಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ, ಒಂಬತ್ತಕ್ಕೆ ಹೋದರೆ ಬರುವುದು ರಾತ್ರಿ. ಮೊಮ್ಮಗಳು ಆಫೀಸಿಗೆ. ನಾನು ಮೊದಲನೇ ಮಹಡಿಯ ಬಾಲ್ಕನಿಯಲ್ಲಿ ಕೂರುತ್ತೇನೆ. ಕೆಳಗೆ ಗಾಡಿಗಳು, ಡೆಲಿವರಿ ಹುಡುಗರು. ಎದುರು ಮನೆಯ ಕಿಟಕಿಯಲ್ಲಿ ಅವಳು, ಅವಳ ಯಂತ್ರ. ಈಗ ಮೋಟಾರು ಹಾಕಿಸಿದ್ದಾಳೆ, ಸದ್ದು ಬೇರೆ. ಸೊಪ್ಪಿನವನು ಬಂದರೆ ನಾನು ಕೆಳಗಿಳಿಯುತ್ತೇನೆ, ಅವಳು ಹೊರಗೆ ಬರುತ್ತಾಳೆ. “ದಂಟು ಎಳೇದಿದೆಯೇನೋ?” ಎಂದು ಅವಳು ಅವನನ್ನು ಕೇಳುತ್ತಾಳೆ, “ಮೆಂತ್ಯ ಎಷ್ಟೋ?” ಎಂದು ನಾನು ಅವನನ್ನೇ ಕೇಳುತ್ತೇನೆ. ಮಾತು ಅವನ ಮೂಲಕವೇ. ಸೊಪ್ಪು ತೆಗೆದುಕೊಂಡು ಅವರವರ ಬಾಗಿಲಿಗೆ ಹೋಗುತ್ತೇವೆ. ಎಷ್ಟೋ ದಿನ ಅದು ಬಿಟ್ಟರೆ ಬಾಯಿ ತೆರೆಯುವ ಕೆಲಸ ನನಗೆ ಇರುವುದಿಲ್ಲ.

ಮೊಮ್ಮಗಳು ಕಂಪನಿಯೊಂದರಲ್ಲಿ ಕಮ್ಯುನಿಕೇಷನ್ ಕೆಲಸ ಮಾಡುತ್ತಾಳೆ. ಹಾಗೆಂದರೇನು ಎಂದು ಒಂದು ಭಾನುವಾರ ಕೇಳಿದೆ.

“ಕಂಪನೀಲಿ ಎಲ್ಲಾ ಊರಿನೋರು, ಎಲ್ಲಾ ಭಾಷೆಯೋರು ಇರ್ತಾರಲ್ಲ ಅಜ್ಜಿ. ವಿಷಯ ಎಲ್ರಿಗೂ ಮುಟ್ಟೋ ಹಾಗೆ ಹೇಳ್ಬೇಕು. ಯಾರಿಗೂ ನಾವು ಹೊರಗಿನೋರು ಅನ್ನಿಸ್ಬಾರ್ದು. ಅದನ್ನ ನೋಡ್ಕೊಳ್ಳೋದು.”

“ಅದಕ್ಕೆ ಸಂಬಳ ಕೊಡ್ತಾರಾ?”

“ಕೊಡ್ದೇ ಇರ್ತಾರಾ?”

“ನನಗೆ ರವಿಕೆ ಕಣ ಕೊಡ್ತಿದ್ರು.”

ಏನಜ್ಜಿ ಅದು ಎಂದು ಹಿಡಿದುಕೊಂಡಳು. ಕೇರಿಯ ನೀರು, ಸಾಬರ ಮನೆಯ ಮಲ್ಲಿಗೆ, ಮೈದುನನ ಮುದ್ದೆ, ಎಲ್ಲ ಹೇಳಿದೆ. ಎದುರು ಮನೆಯದನ್ನು ಹೇಳಲಿಲ್ಲ. ಅವಳು ಅದನ್ನು ಆಫೀಸಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದಳಂತೆ. ಜನ ಚಪ್ಪಾಳೆ ತಟ್ಟಿದ್ದನ್ನು ಫೋನಿನಲ್ಲಿ ಹಿಡಿದು ತಂದು ತೋರಿಸಿದಳು. “ನೋಡಜ್ಜಿ, ಎಲ್ಲಾ ನಿನಗೆ” ಎಂದಳು. ದೊಡ್ಡ ದೊಡ್ಡ ಮನುಷ್ಯರು, ಕೊರಳಿಗೆ ಪಟ್ಟಿ ಹಾಕಿಕೊಂಡವರು, ತಟ್ಟುತ್ತಿದ್ದರು. ಎದುರು ಕಿಟಕಿಯಲ್ಲಿ ಯಂತ್ರ ಓಡುತ್ತಿತ್ತು. ಆ ಎರಡು ಸದ್ದನ್ನೂ ಒಟ್ಟಿಗೆ ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಫೋನು ಆರಿಸು ಎಂದೆ. ನಾಚ್ಕೊಂಡ್ಲು ನಮ್ಮಜ್ಜಿ ಎಂದು ಅವಳು ನಕ್ಕಳು.

ಆ ವರ್ಷವೇ ಅವಳಿಗೆ ಗಂಡು ಗೊತ್ತಾಯಿತು. ಕಾರ್ಡು ಎಲ್ಲರ ಫೋನಿಗೂ ಹೋಯಿತು. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಅವಳು ಹೇಳಿದಳು, “ನಮ್ಮ ಬೀದೀನ ಮಾತ್ರ ಅಜ್ಜಿನೇ ತಟ್ಟೆ ಹಿಡ್ಕೊಂಡು ಕರೀಬೇಕು. ಮೊದಲಿನ ಥರ.”

ನನ್ನ ಮಗ ಅನ್ನ ಕಲಸುವುದನ್ನು ನಿಲ್ಲಿಸಿದ. ಸೊಸೆ ಕೆಟ್ಟವಳಲ್ಲ, ಆದರೆ ಅವಳಿಗೂ ಹೆದರಿಕೆ.

“ನನಗೇನೂ ಇಲ್ಲಮ್ಮಾ. ಬೀಗರ ಕಡೆಯೋರು ಇದೇ ಬಸವೇಶ್ವರನಗರದಲ್ಲಿದಾರೆ. ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ, ಮದುವೆ ಕರೆದದ್ದು ಯಾರು ಅಂತ ಮಾತು ಬರುತ್ತೆ. ಅತ್ತೆ, ನೀವೇ ಹೇಳಿ.”

“ಅಮ್ಮಾ, ನೀನು ಯಾವ ಕಾಲ್ದಲ್ಲಿದೀಯ!” ಎಂದು ಮೊಮ್ಮಗಳು ಎದ್ದುಬಿಟ್ಟಳು.

“ಕೂತ್ಕೊಂಡು ಉಣ್ಣೇ. ನಿಮ್ಮಮ್ಮ ಹೇಳಿದ್ದನ್ನ ನಾನು ಮೂವತ್ತೈದು ವರ್ಷ ಪಾಲಿಸಿದೀನಿ” ಎಂದೆ. “ಬೀದಿ ಎಲ್ಲಾ ನಿಮ್ಮಮ್ಮನೇ ಕರೀಲಿ. ನಾನು ಒಂದು ಮನೆ ಕರೀತೀನಿ. ಎದುರು ಮನೆ.”

“ಅವರಿಗೆ ಕುಂಕುಮ ಇಡಂಗಿಲ್ವಲ್ಲ ಅತ್ತೆ” ಎಂದಳು ಸೊಸೆ.

“ನನಗೂ ಇಡಂಗಿಲ್ಲ. ಯಾರಿಗೆ ಏನು ಹೋಗುತ್ತೆ?”

ಮರುದಿನ ಹತ್ತು ಗಂಟೆಗೆ, ಎಲ್ಲರೂ ಹೋದ ಮೇಲೆ, ಮಿಂದು ಸೀರೆ ಉಟ್ಟೆ. ಅಟ್ಟದ ಮೇಲಿಂದ ಹಳೆಯ ತಟ್ಟೆ ಇಳಿಸಿ ಹುಣಸೆಹಣ್ಣು ಹಚ್ಚಿ ತೊಳೆದೆ. ಅರಿಶಿನ, ಕುಂಕುಮ, ಹೂವು, ಎರಡು ಬಾಳೆಹಣ್ಣು. ಬೀದಿ ದಾಟುವುದು ಎಷ್ಟು ಹೊತ್ತಿನ ಕೆಲಸ? ಒಂದು ಸ್ಕೂಟರು ಅಡ್ಡ ಬಂತು, “ಅಜ್ಜಿ, ನೋಡ್ಕೊಂಡು!” ಎಂದು ಕೂಗಿತು. ತಟ್ಟೆ ಎದೆಗೆ ಒತ್ತಿಕೊಂಡು ನಿಂತು, ಆಮೇಲೆ ದಾಟಿದೆ.

ಬಾಗಿಲು ತೆರೆದೇ ಇತ್ತು. ಅವಳು ಯಂತ್ರದ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿದಳು, ತಟ್ಟೆ ನೋಡಿದಳು. ಯಂತ್ರ ನಿಲ್ಲಿಸಿದಳು. ಎದ್ದು ಬರಲಿಲ್ಲ.

“ಏನು?” ಎಂದಳು.

“ಮೊಮ್ಮಗಳ ಮದುವೆ. ಕರೆಯಕ್ಕೆ ಬಂದೆ.”

“ಮಗನ ಫೋನಿಗೆ ಬಂದಿದೆ.”

“ಅದು ಮಗನಿಗೆ. ನಾನು ನಿನ್ನ ಕರೆಯಕ್ಕೆ ಬಂದಿದೀನಿ. ಒಲೆ ಹಚ್ಚಬೇಡ.”

ಕನ್ನಡಕ ತೆಗೆದು ಬಟ್ಟೆಯ ಮೇಲೆ ಇಟ್ಟಳು. “ಕುಂಕುಮನೂ ತಂದಿದೀಯ.”

“ತಂದಿದೀನಿ.”

“ಇಡೋಳ ಹಣೆನೂ ಬರಿದು, ಇಡಿಸ್ಕೊಳ್ಳೋಳ ಹಣೆನೂ ಬರಿದು.” ನಕ್ಕಳು. ಬಹಳ ವರ್ಷದ ಮೇಲೆ ಅವಳ ನಗು ಕೇಳಿದೆ, ಕೇಳುವಂಥ ನಗುವಲ್ಲ. “ಯಾರು ಹೇಳಿ ಕಳಿಸಿದ್ರು? ಮೊಮ್ಮಗಳಾ?”

“ಯಾರೂ ಇಲ್ಲ.”

“ಆವತ್ತು ನಾನು ಹಣೆ ಚಾಚಿದ್ದೆ. ನೆನಪಿದೆಯಾ?”

“ಇದೆ.”

“ನನಗೆ ಕುಂಕುಮ ಬೇಕಿರಲಿಲ್ಲ ಕಣೇ. ಇಡಲ್ಲ ಅಂತ ನನಗೆ ಗೊತ್ತಿಲ್ವಾ? ಆರು ವರ್ಷ ನಿನ್ನ ಜೊತೆ ಬುಟ್ಟಿ ಹಿಡಿದೋಳು ನಾನು. ಯಾಮಾರಿ ಚಾಚ್ಬಿಟ್ಟೆ. ನೀನು ಬಾ ಅಂದಿದ್ರೆ ಸಾಕಿತ್ತು. ಮದುವೆಗೂ ಬರ್ತಿರಲಿಲ್ಲ. ಬಾ ಅಂದ್ಲು ಅಂತ ಇಟ್ಕೊಳ್ತಿದ್ದೆ.”

“ತಪ್ಪಾಯ್ತು” ಎಂದೆ. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ಹೇಳುವುದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ.

“ನಿನ್ನ ಹಣೆ ತುಂಬ ಇದ್ದಾಗ ಬಂದಿದ್ರೆ ತಪ್ಪಾಯ್ತು ಅನ್ನೋದಕ್ಕೆ ತೂಕ ಇರ್ತಿತ್ತು. ಆವಾಗ ನಿನಗೆ ಕಳ್ಕೊಳಕ್ಕೆ ಏನಾದ್ರೂ ಇತ್ತು. ಈಗ ಏನಿದೆ? ಈಗ ನಿನ್ನನ್ನೂ ಯಾರೂ ಕರೆಯಲ್ಲ, ಅದಕ್ಕೆ ನನ್ನ ಬಾಗಿಲು ಕಾಣಿಸ್ತು.”

ಅವಳು ಹೇಳಿದ್ದರಲ್ಲಿ ಸುಳ್ಳು ಎನ್ನಲು ಒಂದೂ ಸಿಗಲಿಲ್ಲ. ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡೆ. ಅವಳು ಕೂತುಕೋ ಎನ್ನಲಿಲ್ಲ, ನಾನು ಕೂರಲಿಲ್ಲ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ರವಿಕೆ ಆಗಿದೆಯಾ ಮದುವೆಗೆ?” ಎಂದಳು.

“ಇಲ್ಲ.”

“ಬಟ್ಟೆ ಕಳಿಸು. ಅಳತೆ ಇದೆ ನನ್ನ ಹತ್ರ. ಇಳಿದಿದೀಯ, ಒಂದು ಇಂಚು ಹಿಡೀತೀನಿ.”

“ಬರ್ತೀಯಾ ಮದುವೆಗೆ?”

ಕನ್ನಡಕ ಹಾಕಿಕೊಂಡಳು. “ಕೆಲಸ ಇದೆ. ನೋಡೋಣ” ಎಂದಳು. ಬಾಳೆಹಣ್ಣು ಎತ್ತಿ ಯಂತ್ರದ ಪಕ್ಕ ಇಟ್ಟೆ. ಹೂವನ್ನು ಇಡಲು ಧೈರ್ಯ ಬರಲಿಲ್ಲ, ತಟ್ಟೆಯಲ್ಲೇ ವಾಪಸು ತಂದೆ. ಬೀದಿಯ ನಡುವೆ ಬರುವ ಹೊತ್ತಿಗೆ ಯಂತ್ರದ ಸದ್ದು ಶುರುವಾಯಿತು.

ಬರುವುದಿಲ್ಲ ಎಂದು ಅವಳು ಹೇಳಲಿಲ್ಲವಲ್ಲ, ನಾನು ಅದನ್ನೇ ಹಿಡಿದುಕೊಂಡೆ. ಮದುವೆಯ ದಿನ ಛತ್ರದಲ್ಲಿ ಮೂರನೇ ಸಾಲಿನಲ್ಲಿ, ಬಾಗಿಲು ಕಾಣುವ ಹಾಗೆ ಕೂತೆ. ಮುಂದಿನ ಸಾಲು ಮುತ್ತೈದೆಯರಿಗೆ ಎಂದು ಯಾರೂ ಹೇಳಬೇಕಾಗಿಲ್ಲ, ನನಗೇ ಗೊತ್ತು. ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟೆ. ಜನ ಬಂದರು. “ಇಲ್ಲಿ ಯಾರಾದ್ರೂ ಇದಾರಾ ಅಜ್ಜಿ?” ಎಂದರು. “ಇದಾರೆ” ಎಂದೆ. ನಾಲ್ಕು ಜನರಿಗೆ ಹಾಗೆ ಹೇಳಿದೆ. ಒಬ್ಬಳು ಮುಖ ಸಿಂಡರಿಸಿಕೊಂಡು ಹಿಂದೆ ಹೋದಳು.

ಮುಹೂರ್ತಕ್ಕೆ ಸ್ವಲ್ಪ ಮುಂಚೆ ಅವಳ ಮಗನೂ ಸೊಸೆಯೂ ಬಂದರು. ಮಗ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಒಳ್ಳೆಯ ಹುಡುಗ. ಈ ಛತ್ರಗಳ ಊಟವನ್ನೆಲ್ಲ ತಾಯಿ ಇಲ್ಲದೆ ಉಂಡು ಬೆಳೆದವನು.

“ಅಮ್ಮ?” ಎಂದೆ.

“ಹೇಳಿದ್ವಿ ದೊಡ್ಡಮ್ಮ, ಗಾಡೀಲಿ ಕರ್ಕೊಂಡು ಹೋಗ್ತೀವಿ ಅಂತ. ನೀವು ಹೋಗಿ ಅಂದ್ರು. ಹೊಲಿಗೆ ಇದೆಯಂತೆ.”

“ಮನೇಲಿ ಊಟಕ್ಕೆ?”

“ಬೆಳಿಗ್ಗೆನೇ ಅನ್ನಕ್ಕಿಟ್ಕೊಂಡ್ರು.”

ಸರಿ ಎಂದೆ. ಅವರು ಗಂಡಿನ ಕಡೆಯ ಸಾಲಿನಲ್ಲಿ ಜಾಗ ಹುಡುಕಿಕೊಂಡು ಹೋದರು. ವಾಲಗ ಜೋರಾಯಿತು. ಎಲ್ಲರೂ ಎದ್ದು ನಿಂತು ಅಕ್ಷತೆ ಎಸೆದರು, ನಾನೂ ಎಸೆದೆ. ಮೊಮ್ಮಗಳು ಅಲ್ಲಿಂದಲೇ ನನ್ನನ್ನು ಹುಡುಕಿ ಕೈ ಎತ್ತಿದಳು, ಅಷ್ಟರಲ್ಲಿ ಫೋಟೋದವನು ಅವಳ ಮುಖವನ್ನು ಆ ಕಡೆ ತಿರುಗಿಸಿದ.

ಊಟಕ್ಕೆ ಎರಡನೇ ಪಂಕ್ತಿ ಕರೆದಾಗ ಸಾಲು ಖಾಲಿಯಾಗಿ, ಮತ್ತೆ ಹೊಸಬರು ತುಂಬಿಕೊಂಡರು. ಸಣ್ಣ ಮಗು ಎತ್ತಿಕೊಂಡ ಒಬ್ಬಳು ಹೆಂಗಸು ಪಕ್ಕದಲ್ಲಿ ನಿಂತಿದ್ದಳು. ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಕೂತು, ಮಗುವಿನ ಟೋಪಿ ಸರಿ ಮಾಡಿ, ಮಾತಿಗೆ ಎಂದು ನನ್ನ ಕಡೆ ತಿರುಗಿದಳು.

“ನೀವು ಯಾರ ಕಡೆಯೋರು ಅಜ್ಜಿ?”

“ಹುಡುಗಿ ಕಡೆ” ಎಂದೆ.